ಸ್ಕ್ಯಾನಿಂಗ್, ಲ್ಯಾಬ್ ರಿಪೋರ್ಟ್: ಚೀಟಿ ಕೈಗೆ ಬಂದಲ್ಲಿಂದ ಫೈಲ್ ಕಟ್ಟುವ ತನಕ

ಸ್ಕ್ಯಾನಿಂಗ್ ರೂಮಿನ ಹೊರಗಿನ ಬೆಂಚಿನ ಮೇಲೆ ಅರವತ್ತು ದಾಟಿದ ಒಬ್ಬ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದರು. ಪಕ್ಕದಲ್ಲಿ ಮಗಳು ರಿಪೋರ್ಟಿನ ಒಂದೊಂದೇ ಪದವನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಹುಡುಕುತ್ತಿದ್ದಳು. ಎಡ ಕಿಡ್ನಿಯಲ್ಲಿ 'ಸಿಂಪಲ್ ಕಾರ್ಟಿಕಲ್ ಸಿಸ್ಟ್' ಎಂದು ಬರೆದಿತ್ತು. ಸಿಸ್ಟ್ ಅಂದರೆ ಗಡ್ಡೆ ಅಂತ ಯಾರೋ ಹೇಳಿಬಿಟ್ಟಿದ್ದರು. ಅದು ನೀರು ತುಂಬಿದ ಪುಟ್ಟ ಗುಳ್ಳೆ. ವಯಸ್ಸಾದಂತೆ ಕೂದಲು ನರೆಯುವ ಹಾಗೆ ಎಷ್ಟೋ ಜನರ ಕಿಡ್ನಿಯಲ್ಲಿ ಬರುತ್ತದೆ, ಹೆಚ್ಚಿನವರಿಗೆ ಅದಕ್ಕೆ ಏನೂ ಮಾಡಬೇಕಾಗಿಲ್ಲ. ಅವರು ಬಂದಿದ್ದು ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಿಸಲಿಕ್ಕೆ. ಕಲ್ಲಿರಲಿಲ್ಲ. ಆ ಒಳ್ಳೆಯ ಸುದ್ದಿ ಎರಡನೇ ಸಾಲಿನಲ್ಲೇ ಇತ್ತು, ಅದನ್ನು ಇಬ್ಬರೂ ಓದಿರಲಿಲ್ಲ.

ನಾನು ಡಾಕ್ಟರಲ್ಲ. ಜಿಲ್ಲಾ ಕೇಂದ್ರವೊಂದರಲ್ಲಿ ಹದಿನೆಂಟು ವರ್ಷದಿಂದ ಎಕ್ಸ್‌ರೇ, ಸಿಟಿ, ಎಂಆರ್‌ಐ ಯಂತ್ರಗಳ ಜೊತೆ ಏಗುತ್ತಿರುವ ಟೆಕ್ನಿಷಿಯನ್. 'ಮೇಡಂ, ಹೋದ ತಿಂಗಳೇ ಸ್ಕ್ಯಾನಿಂಗ್ ಮಾಡಿಸ್ದೆ, ಆದ್ರೂ ನೋವು ಹೋಗ್ಲಿಲ್ಲ ನೋಡಿ' ಎಂದು ದೂರು ಹೇಳುವವರು ಇವತ್ತಿಗೂ ಬರುತ್ತಾರೆ. ಮೊದಮೊದಲು ನಗು ಬರುತ್ತಿತ್ತು. ಈಗ ಅನ್ನಿಸುತ್ತದೆ, ಅವರಿಗೆ ಯಾರೂ ಹೇಳಿಯೇ ಇಲ್ಲ: ಡಾಕ್ಟರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರುತ್ತದೆ, ಪರೀಕ್ಷೆ ಆ ಪ್ರಶ್ನೆಗೆ ಉತ್ತರ ತರುತ್ತದೆ, ಅಷ್ಟೇ ಅದರ ಕೆಲಸ. ಪ್ರಶ್ನೆ ಏನೆಂದು ತಿಳಿಯದೆ ಉತ್ತರಪತ್ರಿಕೆ ಓದಲು ಕೂತರೆ ಆ ಬೆಂಚಿನ ಮೇಲೆ ಆದದ್ದೇ ಆಗುವುದು. ಈ ಬರಹದ ಉದ್ದಕ್ಕೂ ಅದೊಂದೇ ಎಳೆ ಹಿಡಿದು ಹೋಗುತ್ತೇನೆ.

ಹೆಜ್ಜೆ 1: ಚೀಟಿ ತಗೊಂಡು ಎದ್ದುಬಿಡಬೇಡಿ

ಡಾಕ್ಟರು ಚೀಟಿ ಬರೆದುಕೊಟ್ಟ ಕೂಡಲೇ ನಾವು ಎದ್ದು ನಿಲ್ಲುತ್ತೇವೆ. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿರುತ್ತಾರೆ, ಸಂಕೋಚ. ಆದರೂ ಅರ್ಧ ನಿಮಿಷ ಕೂತು ಕೇಳಿ: 'ಸರ್, ಇದರಲ್ಲಿ ಏನಿದೆ ಅಂತ ಹುಡುಕ್ತಾ ಇದೀರಿ? ಸಿಕ್ಕಿದ್ರೆ ಏನ್ ಮಾಡ್ತೀರಿ, ಸಿಗದಿದ್ರೆ ಏನ್ ಮಾಡ್ತೀರಿ?' ಎರಡಕ್ಕೂ ಉತ್ತರ ಒಂದೇ ಆದರೆ, ಅಂದರೆ ಬಂದರೂ ಅದೇ ಮಾತ್ರೆ, ಬರದಿದ್ದರೂ ಅದೇ ಮಾತ್ರೆ ಅಂತಾದರೆ, 'ಹಾಗಾದ್ರೆ ಸ್ವಲ್ಪ ದಿನ ಬಿಟ್ಟು ಮಾಡಿಸಬಹುದಾ?' ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟು ಮಾಡಿಕೊಳ್ಳುವುದನ್ನು ನಾನು ಕಂಡಿಲ್ಲ.

ಚೀಟಿಯಲ್ಲಿ ಏನು ಬರೆದಿದೆ ಅನ್ನುವುದೂ ಮುಖ್ಯ. 'ಹೊಟ್ಟೆನೋವು' ಎಂದಷ್ಟೇ ಇದ್ದರೆ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಚಿತ್ರ ಓದಿ ರಿಪೋರ್ಟ್ ಬರೆಯುವ ಡಾಕ್ಟರು, ಇಡೀ ಹೊಟ್ಟೆಯನ್ನು ಒಂದೇ ಸಮನೆ ನೋಡುತ್ತಾರೆ. 'ಬಲ ಪಕ್ಕೆಯ ಕೆಳಗೆ ಮೂರು ದಿನದಿಂದ ನೋವು, ಎಣ್ಣೆ ತಿಂಡಿ ತಿಂದರೆ ಜಾಸ್ತಿ' ಎಂದಿದ್ದರೆ ಅವರ ಕಣ್ಣು ಮೊದಲು ಪಿತ್ತಕೋಶದ ಮೇಲೆ ಹೋಗುತ್ತದೆ. ಚೀಟಿಯಲ್ಲಿ ಇಲ್ಲದಿದ್ದರೆ ಸ್ಕ್ಯಾನ್ ಮಾಡುವವರಿಗೆ ನೀವೇ ಹೇಳಿ. ಹಳೆಯ ಆಪರೇಷನ್ನುಗಳನ್ನು ಬಚ್ಚಿಡಬೇಡಿ. ಗರ್ಭಕೋಶ ತೆಗೆಸಿದ ವಿಷಯವನ್ನು ಗಂಡ ಪಕ್ಕದಲ್ಲಿ ನಿಂತಿದ್ದಾರೆಂದು ಹೇಳದೆ ಸುಮ್ಮನಿದ್ದವರನ್ನೂ ನೋಡಿದ್ದೇನೆ.

ಕಹಿ ಮಾತೊಂದು ಹೇಳಿಬಿಡುತ್ತೇನೆ. 2017ರ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ಕೆಲವು ಡಯಾಗ್ನೋಸ್ಟಿಕ್ ಕೇಂದ್ರಗಳ ಮೇಲೆ ದಾಳಿ ಮಾಡಿದಾಗ, ರೋಗಿಗಳನ್ನು ಕಳಿಸಿದ ವೈದ್ಯರಿಗೆ ಕಮಿಷನ್ ಹೋಗುತ್ತಿದೆ ಎಂದು ಇಲಾಖೆಯೇ ಹೇಳಿತ್ತು. ಎಲ್ಲರೂ ಹಾಗಲ್ಲ. ಆದರೆ 'ಇದೇ ಸೆಂಟರಲ್ಲೇ ಮಾಡಿಸಬೇಕು' ಎಂದು ಪಟ್ಟು ಹಿಡಿದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಕೆಲವೊಮ್ಮೆ ಕಾರಣ ನ್ಯಾಯವಾಗಿಯೇ ಇರುತ್ತದೆ: ಅಲ್ಲಿಯ ಯಂತ್ರ ಒಳ್ಳೆಯದು, ಅಲ್ಲಿಯ ರೇಡಿಯಾಲಜಿಸ್ಟ್ ಮೇಲೆ ಅವರಿಗೆ ನಂಬಿಕೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದರಪಟ್ಟಿಯನ್ನು ಕಾಣುವ ಹಾಗೆ ಹಾಕಬೇಕು. ದುಡ್ಡು ಕಟ್ಟುವ ಮೊದಲು ಗೋಡೆ ಕಡೆ ಒಮ್ಮೆ ನೋಡಿ. ಲ್ಯಾಬ್ ಆದರೆ ರಿಪೋರ್ಟಿನ ಮೇಲೆ ಎನ್‌ಎಬಿಎಲ್ ಗುರುತಿದೆಯೇ ನೋಡಿ, ಲ್ಯಾಬಿನ ಗುಣಮಟ್ಟಕ್ಕೆ ಸಿಗುವ ಮಾನ್ಯತೆ ಅದು. ಎಕ್ಸ್‌ರೇ, ಸಿಟಿ ಯಂತ್ರಗಳಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕೇ ಬೇಕು.

ಹೆಜ್ಜೆ 2: ಯಾವ ಯಂತ್ರಕ್ಕೆ ಏನು ಕಾಣುತ್ತದೆ

'ದೊಡ್ಡ ಸ್ಕ್ಯಾನಿಂಗೇ ಬರ್ಕೊಡಿ ಸಾರ್, ದುಡ್ಡು ಹೋದ್ರೆ ಹೋಗ್ಲಿ' ಎನ್ನುವ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಯಂತ್ರಗಳಲ್ಲಿ ದೊಡ್ಡದು, ಚಿಕ್ಕದು ಅಂತ ಇಲ್ಲ. ಕತ್ತಿಯೂ ಬೇಕು, ಸೂಜಿಯೂ ಬೇಕು.

ಎಕ್ಸ್‌ರೇ ಎಲ್ಲಕ್ಕಿಂತ ಹಿರಿಯಣ್ಣ. 1895ರಲ್ಲಿ ಜರ್ಮನಿಯ ರೋಂಟ್‌ಗೆನ್ ಇದನ್ನು ಕಂಡುಹಿಡಿದ ಕೆಲವೇ ವಾರಗಳಲ್ಲಿ ತನ್ನ ಹೆಂಡತಿಯ ಕೈಯ ಮೂಳೆಗಳ ಚಿತ್ರ ತೆಗೆದಿದ್ದ. ಬೆರಳಲ್ಲಿ ಉಂಗುರವೂ ಕಾಣುತ್ತದೆ. ಮೂಳೆ ಮತ್ತು ಶ್ವಾಸಕೋಶಕ್ಕೆ ಇವತ್ತಿಗೂ ಮೊದಲ ಪರೀಕ್ಷೆ ಇದೇ. ಆದರೆ ಲಿಗಮೆಂಟ್, ಮಂಡಿಯ ಗಾದಿಯಂಥ ಮೆತ್ತನೆ ಭಾಗಗಳು ಇದರಲ್ಲಿ ಕಾಣುವುದಿಲ್ಲ. ಬೈಕಿನಿಂದ ಬಿದ್ದವರ ಎಕ್ಸ್‌ರೇ ನಾರ್ಮಲ್ ಬಂದರೆ 'ಮೂಳೆ ಮುರಿದಿಲ್ಲ' ಎನ್ನಬಹುದು, 'ಮಂಡಿಗೆ ಏನೂ ಆಗಿಲ್ಲ' ಎನ್ನಲಾಗದು. ಕೆಲವು ಮೂಳೆಗಳಲ್ಲಿ ಮುರಿತವೂ ಮೊದಲ ದಿನ ತಪ್ಪಿಸಿಕೊಳ್ಳುತ್ತದೆ. ಮಣಿಕಟ್ಟಿನ ಸ್ಕ್ಯಾಫಾಯ್ಡ್ ಅನ್ನುವ ಪುಟ್ಟ ಮೂಳೆ ಇದಕ್ಕೆ ಹೆಸರುವಾಸಿ. ಅದಕ್ಕೇ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ಬನ್ನಿ ಅನ್ನುವುದು, ದುಡ್ಡಿಗಲ್ಲ.

ಅಲ್ಟ್ರಾಸೌಂಡ್ ಶಬ್ದದ ಅಲೆಗಳದು, ವಿಕಿರಣ ಇಲ್ಲ. ಹೊಟ್ಟೆಗೆ ಹಚ್ಚುವ ತಣ್ಣನೆ ಜೆಲ್ ಔಷಧಿಯಲ್ಲ. ಚರ್ಮಕ್ಕೂ ಯಂತ್ರದ ಹಿಡಿಗೂ ನಡುವೆ ಗಾಳಿ ಉಳಿಯಬಾರದು, ಗಾಳಿ ಇದ್ದರೆ ಅಲೆ ಒಳಗೆ ಹೋಗುವುದಿಲ್ಲ. ಹೊಟ್ಟೆಯೊಳಗಿನ ಗ್ಯಾಸಿಗೂ ಇದೇ ಮಾತು. ರಿಪೋರ್ಟಿನಲ್ಲಿ ಮೇದೋಜೀರಕ ಗ್ರಂಥಿ 'ಗ್ಯಾಸಿನಿಂದ ಮರೆಯಾಗಿದೆ' ಎಂದಿದ್ದರೆ ರೋಗ ಇದೆ ಎಂದಲ್ಲ, ಕಾಣಲಿಲ್ಲ ಎಂದರ್ಥ. ಮಾಡುವವರ ಕೈಗುಣ ಇದರಲ್ಲಿ ಬಹಳ. ಒಂದೇ ದಿನ ಎರಡು ಕಡೆ ಮಾಡಿಸಿದರೆ ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಬರುವುದು ಸಹಜ. ಬಸುರಿಯರ ಸ್ಕ್ಯಾನಿಂಗಿನಲ್ಲಿ ಮಗು ಗಂಡೋ ಹೆಣ್ಣೋ ಎಂದು ಕೇಳಲೇಬೇಡಿ. ಅದನ್ನು ಹೇಳುವುದೂ ಕೇಳುವುದೂ 1994ರ ಕಾಯ್ದೆಯಡಿ ಅಪರಾಧ.

ಸಿಟಿ ಕೂಡ ಎಕ್ಸ್‌ರೇ ಕುಟುಂಬದ್ದೇ. ಸುತ್ತಲಿಂದ ಕಿರಣ ಹಾಯಿಸಿ, ಬದನೆಕಾಯಿಯನ್ನು ಬಿಲ್ಲೆ ಬಿಲ್ಲೆ ಹೆಚ್ಚಿದಂತೆ ದೇಹವನ್ನು ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸುತ್ತದೆ. ಕ್ಷಣಗಳಲ್ಲಿ ಮುಗಿಯುತ್ತದೆ, ಹಾಗಾಗಿ ಅಪಘಾತಕ್ಕೆ ಇದೇ ಮೊದಲು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಖ ವಾರೆಯಾಗಿ, ಮಾತು ತೊದಲಿ, ಒಂದು ಕೈ ಬಿದ್ದುಹೋದವರನ್ನು ಕರೆತಂದು ತಲೆಯ ಸಿಟಿ ಮಾಡಿದೆವು ಅಂದುಕೊಳ್ಳಿ. ರಿಪೋರ್ಟ್ 'ನಾರ್ಮಲ್'. ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ, ಅಷ್ಟರಲ್ಲಿ ಡಾಕ್ಟರು 'ಸ್ಟ್ರೋಕ್ ಆಗಿದೆ, ಬೇಗ ಇಂಜೆಕ್ಷನ್ ಕೊಡ್ಬೇಕು' ಅನ್ನುತ್ತಾರೆ. ಮನೆಯವರ ಮುಖದಲ್ಲಿ ಅನುಮಾನ: ನಾರ್ಮಲ್ ಬಂದಿದೆಯಲ್ಲ! ಅಲ್ಲಿ ಕೇಳಿದ ಪ್ರಶ್ನೆ 'ಮಿದುಳಿನಲ್ಲಿ ರಕ್ತಸ್ರಾವ ಆಗಿದೆಯೇ' ಅನ್ನುವುದು. ಆಗಿಲ್ಲ ಎಂದು ಉತ್ತರ ಬಂತು. ರಕ್ತನಾಳ ಕಟ್ಟಿಕೊಂಡು ಆದ ಸ್ಟ್ರೋಕ್ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಕಾಣದೇ ಇರಬಹುದು. ಸ್ರಾವ ಇಲ್ಲ ಎಂದು ಖಾತ್ರಿಯಾದರೆ ಮಾತ್ರ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು, ಅದೂ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಆ ಹೊತ್ತಿನಲ್ಲಿ 'ಇನ್ನೊಂದು ಕಡೆ ತೋರಿಸ್ತೀವಿ' ಎಂದು ಹೊರಟರೆ ಕಳೆದುಕೊಳ್ಳುವುದು ಬಹಳ.

ಎಂಆರ್‌ಐ ಅಯಸ್ಕಾಂತದ್ದು. ಮಿದುಳು, ಬೆನ್ನುಹುರಿ, ಕೀಲುಗಳ ಮೆತ್ತನೆ ಭಾಗ ಇವಕ್ಕೆ ಇದರ ಸಮ ಇಲ್ಲ. ವಿಕಿರಣ ಇಲ್ಲ, ಆದರೆ ಸದ್ದು ವಿಪರೀತ, ಅರ್ಧ ಗಂಟೆ ಅಲುಗದೆ ಮಲಗಬೇಕು. ಪೇಸ್‌ಮೇಕರ್, ತಲೆಯಲ್ಲಿ ಕ್ಲಿಪ್, ಕಿವಿಯೊಳಗೆ ಇಂಪ್ಲಾಂಟ್, ಹಿಂದೆಂದೋ ಕಣ್ಣಿಗೆ ಬಿದ್ದ ವೆಲ್ಡಿಂಗ್ ಚೂರು, ಇಂಥದ್ದೇನಿದ್ದರೂ ಬಾಗಿಲಾಚೆಯೇ ಹೇಳಬೇಕು. ಆ ಅಯಸ್ಕಾಂತ ಯಂತ್ರ ಓಡದಿರುವಾಗಲೂ ಎಳೆಯುತ್ತಲೇ ಇರುತ್ತದೆ. 2018ರಲ್ಲಿ ಮುಂಬೈನಲ್ಲಿ ಎಂಆರ್‌ಐ ಕೋಣೆಗೆ ಆಕ್ಸಿಜನ್ ಸಿಲಿಂಡರ್ ಒಯ್ದು, ರೋಗಿಯ ಜೊತೆ ಬಂದಿದ್ದ ಯುವಕ ಪ್ರಾಣ ಕಳೆದುಕೊಂಡ.

ನಮ್ಮ ಕಡೆ ಈ ಬಾಗಿಲಲ್ಲಿ ನಡೆಯುವ ದೊಡ್ಡ ಮಾತುಕತೆ ತಾಳಿಯದು. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ಆದರೆ ಸರದ ಕೊಂಡಿಯಲ್ಲಿ ಬೇರೆ ಲೋಹ ಇರಬಹುದು, ಸರ ಬಿಸಿಯಾಗಬಹುದು, ಕತ್ತಿನ ಚಿತ್ರ ಕಲಸಿಹೋಗಬಹುದು. ಬಿಚ್ಚಿ ಅಂದರೆ ಹೆಂಗಸರಿಗೆ ಎದೆ ಧಸಕ್ಕೆನ್ನುತ್ತದೆ. ಒಮ್ಮೆ ಒಬ್ಬ ಅಜ್ಜಿ ಸೊಸೆಯ ಕೊರಳಿಗೆ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿ, ತಾಳಿಯನ್ನು ತಾವು ಕರ್ಚೀಫಿನಲ್ಲಿ ಸುತ್ತಿ ಇಟ್ಟುಕೊಂಡು, 'ಈಗ ಒಳಗ್ ಹೋಗು' ಅಂದರು. ಅವತ್ತಿನಿಂದ ನಮ್ಮ ಕೌಂಟರಿನ ಡ್ರಾಯರಿನಲ್ಲಿ ನಾಲ್ಕು ಅರಿಶಿನದ ಕೊಂಬು, ಒಂದು ಉಂಡೆ ದಾರ ಯಾವಾಗಲೂ ಇರುತ್ತವೆ. ಕಾಲುಂಗುರ, ಮೂಗುತಿ, ಉಡಿದಾರ, ತಾಯತ, ಸೆರಗಿನ ಪಿನ್ನು, ರವಿಕೆಯ ಹುಕ್ಕು ಎಲ್ಲ ಮನೆಯಲ್ಲೇ ನೆನಪು ಮಾಡಿಕೊಂಡು ಬಂದರೆ ನಿಮಗೂ ನಮಗೂ ಇಪ್ಪತ್ತು ನಿಮಿಷ ಉಳಿಯುತ್ತದೆ.

ವಿಕಿರಣದ ಹೆದರಿಕೆಗೆ ಒಂದು ಲೆಕ್ಕ. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ವಿಕಿರಣ ಬೇಡವೆಂದರೂ ಬೀಳುತ್ತದೆ. ಇದು ಪ್ರಪಂಚದ ಸರಾಸರಿ. ಎದೆಯ ಒಂದು ಎಕ್ಸ್‌ರೇ ಸುಮಾರು 0.1, ತಲೆಯ ಸಿಟಿ ಸುಮಾರು 2, ಹೊಟ್ಟೆಯ ಸಿಟಿ ಎಂಟರಿಂದ ಹತ್ತರ ಆಸುಪಾಸು. ಹಾಗಾಗಿ ಒಂದು ಎಕ್ಸ್‌ರೇಗೆ ಹೆದರಿ ಓಡಬೇಕಾಗಿಲ್ಲ, 'ಸುಮ್ನೆ ಒಂದ್ ಸಿಟಿ ಮಾಡಿಬಿಡಿ' ಅನ್ನುವ ಹಗುರಮಾತೂ ಬೇಡ, ಮಕ್ಕಳ ವಿಷಯದಲ್ಲಂತೂ ಬೇಡವೇ ಬೇಡ. ಬಸಿರಿರುವ ಸಣ್ಣ ಸಂಶಯ ಇದ್ದರೂ ನಮಗೆ ಮೊದಲೇ ಹೇಳಿ.

ಹೆಜ್ಜೆ 3: ಹಿಂದಿನ ರಾತ್ರಿ

'ಖಾಲಿ ಹೊಟ್ಟೆಯಲ್ಲಿ ಬನ್ನಿ' ಎಂಬುದನ್ನು ಜನ ಎಲ್ಲದಕ್ಕೂ ಅನ್ವಯಿಸುತ್ತಾರೆ. ಫಾಸ್ಟಿಂಗ್ ಶುಗರಿಗೆ ಎಂಟು ಗಂಟೆ ಖಾಲಿ ಇರಬೇಕು, ನೀರು ಕುಡಿಯಬಹುದು. ಕಾಫಿ ಆಗದು, 'ಸಕ್ಕರೆ ಹಾಕದ ಕಾಫಿ' ಕೂಡ ಆಗದು. ಥೈರಾಯ್ಡಿನ ಟಿಎಸ್‌ಎಚ್‌ಗೆ, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿಗೆ ಉಪವಾಸ ಬೇಕಿಲ್ಲ. ಊಟದ ನಂತರದ ಶುಗರ್ ಎಂದರೆ ಊಟ ಶುರು ಮಾಡಿದ ಹೊತ್ತಿನಿಂದ ಎರಡು ಗಂಟೆ, ಕೈ ತೊಳೆದ ಹೊತ್ತಿನಿಂದಲ್ಲ. ಪಿತ್ತಕೋಶ ನೋಡುವ ಸ್ಕ್ಯಾನಿಗೆ ಆರು ಗಂಟೆಯಾದರೂ ಏನೂ ತಿಂದಿರಬಾರದು, ತಿಂದರೆ ಪಿತ್ತಕೋಶ ಕುಗ್ಗಿ ಒಳಗಿನ ಕಲ್ಲು ಸರಿಯಾಗಿ ಕಾಣುವುದಿಲ್ಲ. ಗರ್ಭಕೋಶ, ಪ್ರಾಸ್ಟೇಟ್ ನೋಡಲು ಉಚ್ಚೆಚೀಲ ತುಂಬಿರಬೇಕು, ಹಾಗಂತ ತಡೆಯಲಾರದಷ್ಟು ಕುಡಿದು ಬಂದು ಕ್ಯೂನಲ್ಲಿ ಒದ್ದಾಡಬೇಡಿ.

ಬಿಪಿ, ಹೃದಯ, ಫಿಟ್ಸ್ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಶುಗರ್ ಮಾತ್ರೆ, ಇನ್ಸುಲಿನ್ ವಿಷಯ ಬೇರೆ: ತಿನ್ನದೆ ಅದನ್ನು ತಗೊಂಡು ಬಂದು ಕ್ಯೂನಲ್ಲೇ ಬೆವರಿ ಕುಸಿದವರನ್ನು ನಾನು ಎತ್ತಿ ಕೂರಿಸಿದ್ದೇನೆ. ಡಾಕ್ಟರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ತಿಳಿಸಿ, ಥೈರಾಯ್ಡ್ ಲೆಕ್ಕ ಅದರಿಂದ ಅಡ್ಡಾದಿಡ್ಡಿಯಾಗಬಹುದು.

ಚಿತ್ರ ಎದ್ದು ಕಾಣಲೆಂದು ರಕ್ತನಾಳಕ್ಕೆ ಕಾಂಟ್ರಾಸ್ಟ್ ಎಂಬ ದ್ರವ ಹಾಕಿ ಸಿಟಿ ಮಾಡುವುದಾದರೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಎಂದು ಹೇಳುವ ರಕ್ತಪರೀಕ್ಷೆ, ಕೇಳುತ್ತಾರೆ, ಆ ಅಯೋಡಿನ್ ದ್ರವ ಕಿಡ್ನಿಯ ಮೂಲಕವೇ ಹೊರಹೋಗಬೇಕು ನೋಡಿ. ಕಿಡ್ನಿ ದುರ್ಬಲವಾಗಿದ್ದು ಶುಗರಿನ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ಎರಡು ದಿನ ಬಿಡಲು ಹೇಳಬಹುದು. ಮೊದಲೆಂದಾದರೂ ಕಾಂಟ್ರಾಸ್ಟಿಗೆ ಮೈ ಕಡಿದಿದ್ದರೆ, ಉಬ್ಬಸ ಬಂದಿದ್ದರೆ ಹೇಳಿ. ಮೀನು, ಸಿಗಡಿ ಆಗದವರಿಗೆ ಇದೂ ಆಗದು ಎನ್ನುವುದು ಹಳೆಯ ತಪ್ಪು ತಿಳಿವಳಿಕೆ. ದ್ರವ ಒಳಗೆ ಹೋಗುವಾಗ ಮೈಯೆಲ್ಲ ಬೆಚ್ಚಗಾಗಿ ಉಚ್ಚೆ ಹೋಯಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಪಾಪ, ಎದ್ದ ಮೇಲೆ ಹಾಸಿಗೆ ಮುಟ್ಟಿ ಮುಟ್ಟಿ ನೋಡುತ್ತಾರೆ.

ಹೆಜ್ಜೆ 4: ಯಂತ್ರದ ಒಳಗೆ

'ಉಸಿರು ಎಳ್ಕೊಳಿ... ಹಿಡ್ಕೊಳಿ... ಬಿಡಿ' ಎಂಬ ಮೂರು ಮಾತು ನಾನು ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ಲೆಕ್ಕವಿಲ್ಲ. ಅರ್ಧ ಎಳೆದು ಬಿಟ್ಟುಬಿಟ್ಟರೆ ಶ್ವಾಸಕೋಶದ ಬುಡ ಮಬ್ಬಾಗಿ ಕಾಣುತ್ತದೆ, ನಿಮೋನಿಯಾ ಇದೆಯೇನೋ ಎಂದು ಅನುಮಾನ ಹುಟ್ಟುತ್ತದೆ. ಇಕ್ಕಟ್ಟಾದ ಜಾಗಕ್ಕೆ ಹೆದರುವವರು ಮುಚ್ಚುಮರೆ ಮಾಡದೆ ಹೇಳಿ. ಕೈಗೊಂದು ರಬ್ಬರ್ ಬಲ್ಬ್ ಕೊಡುತ್ತೇವೆ, ಒತ್ತಿದರೆ ನಿಲ್ಲಿಸಿ ಹೊರಗೆ ಎಳೆಯುತ್ತೇವೆ. ಕಣ್ಣಿನ ಮೇಲೆ ಬಟ್ಟೆ ಹಾಕಿಸಿಕೊಂಡು ಒಳಗೆ ಹೋದರೆ ಅರ್ಧ ಹೆದರಿಕೆ ಕಡಿಮೆ. ಮುಗಿದ ಮೇಲೆ 'ಏನಿದೆ ಮೇಡಂ?' ಎಂದು ನಮ್ಮ ಮುಖ ನೋಡಬೇಡಿ. ನಮ್ಮ ಮುಖ ಓದಿ ಕೆಟ್ಟದ್ದು ಕಲ್ಪಿಸಿಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟವರಿದ್ದಾರೆ. ನನಗೆ ಅವತ್ತು ತಲೆನೋವಿತ್ತು, ಅಷ್ಟೇ.

ಹೆಜ್ಜೆ 5: ಸ್ಕ್ಯಾನ್ ರಿಪೋರ್ಟ್ ಓದುವ ಕ್ರಮ

ಮೊದಲು ಹೆಸರು, ವಯಸ್ಸು, ದಿನಾಂಕ, ಎಡವೋ ಬಲವೋ ನೋಡಿ. ಒಂದೇ ಹೆಸರಿನ ಇಬ್ಬರ ಕವರ್ ಅದಲುಬದಲಾಗುವುದುಂಟು. ಆಮೇಲೆ ನೇರ ಕೊನೆಯ ಭಾಗಕ್ಕೆ ಹೋಗಿ, 'ಇಂಪ್ರೆಶನ್' ಎಂದಿರುತ್ತದೆ. ಮೇಲಿನದೆಲ್ಲ ಕಂಡದ್ದರ ಪಟ್ಟಿ, ಕೊನೆಯದು ರೇಡಿಯಾಲಜಿಸ್ಟಿನ ತೀರ್ಮಾನ. ಪಟ್ಟಿಯಲ್ಲಿದ್ದು ತೀರ್ಮಾನದಲ್ಲಿ ಇಲ್ಲದ ವಿಷಯ ಅಷ್ಟು ತಲೆಕೆಡಿಸಿಕೊಳ್ಳುವಂಥದ್ದಲ್ಲ ಎಂದು ಅವರಿಗೆ ಅನ್ನಿಸಿದೆ ಎಂದುಕೊಳ್ಳಬಹುದು. 'ಕ್ಲಿನಿಕಲಿ ಕೋರಿಲೇಟ್' ಎಂದಿದ್ದರೆ, 'ನಾನು ನೆರಳು ನೋಡಿದ್ದೇನೆ, ರೋಗಿಯನ್ನು ಮುಟ್ಟಿ ನೋಡಿದವರು ತಾಳೆ ಹಾಕಲಿ' ಎಂದರ್ಥ.

ಪದಗಳು ಹೆದರಿಸುತ್ತವೆ, ನಿಜ. 'ಅನ್‌ರಿಮಾರ್ಕಬಲ್' ಅಂದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಅದು ಒಳ್ಳೆಯ ಪದ. 'ಎನ್‌ಎಡಿ' ಕೂಡ ಹಾಗೆಯೇ, ತೊಂದರೆ ಏನೂ ಕಂಡಿಲ್ಲ. 'ಲೀಶನ್' ಅಂದರೆ ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುವ ಜಾಗ. ಹಳೆಯ ಗಾಯದ ಕಲೆಯೂ ಲೀಶನ್ನೇ, ಗಡ್ಡೆಯೂ ಲೀಶನ್ನೇ. 'ಎಫ್ಯೂಶನ್' ನೀರು ತುಂಬಿರುವುದು. 'ಕ್ಯಾಲ್ಸಿಫಿಕೇಶನ್' ಸುಣ್ಣ ಕಟ್ಟಿರುವುದು. ಎದೆಯ ಎಕ್ಸ್‌ರೇಯಲ್ಲಿ 'ಓಲ್ಡ್ ಹೀಲ್ಡ್ ಕಾಕ್ಸ್' ಎಂದು ಬರೆದರೆ ಗೂಗಲ್ ಕೂಡ ತಬ್ಬಿಬ್ಬಾಗುತ್ತದೆ. ಟಿಬಿ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್ ಹೆಸರಿನಲ್ಲಿ ನಮ್ಮ ದೇಶದ ವೈದ್ಯರು ಟಿಬಿಯನ್ನು ಮೆಲುದನಿಯಲ್ಲಿ ಕರೆಯುವ ರೀತಿ ಅದು. ಎಂದೋ ಬಂದು ವಾಸಿಯಾದ ಟಿಬಿಯ ಗುರುತು ಎಂದರ್ಥ. 'ಪಾಸಿಟಿವ್' ಎಂದು ಬಂದದ್ದಕ್ಕೆ 'ಒಳ್ಳೇದೇ ಆಯ್ತಲ್ವಾ' ಎಂದು ಖುಷಿಪಟ್ಟವರೂ ಇದ್ದಾರೆ. ಹುಡುಕಿದ್ದು ಸಿಕ್ಕಿದೆ ಎಂದಷ್ಟೇ ಅದರ ಅರ್ಥ.

ಸ್ತನದ ಮ್ಯಾಮೋಗ್ರಾಮ್ ರಿಪೋರ್ಟಿನಲ್ಲಿ 'ಬೈರಾಡ್ಸ್' ಎಂದು ಒಂದು ಅಂಕೆ ಇರುತ್ತದೆ. ಸೊನ್ನೆ ಅಂದರೆ ಏನೂ ಇಲ್ಲ ಎಂದಲ್ಲ, ಇನ್ನಷ್ಟು ಚಿತ್ರ ಬೇಕು ಎಂದು. 1 ಮತ್ತು 2 ನಿಶ್ಚಿಂತೆ. 3 ಬಂದರೆ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ ಆರು ತಿಂಗಳಲ್ಲಿ ಮತ್ತೆ ನೋಡುತ್ತಾರೆ. ಆ ಆರು ತಿಂಗಳನ್ನು ಮರೆಯಬಾರದು. 4, 5 ಬಂದರೆ ಬಯಾಪ್ಸಿ, ಅಂದರೆ ಆ ಜಾಗದ ಪುಟ್ಟ ಚೂರು ತೆಗೆದು ಪರೀಕ್ಷಿಸುವುದು. 4ರಲ್ಲಿ ಏನೂ ಅಲ್ಲ ಎಂದು ಹೊರಬರುವವರೂ ಬಹಳ, ಆದರೆ ತಡಮಾಡುವ ಹಾಗಿಲ್ಲ. ಬಯಾಪ್ಸಿ ಮಾಡಿದರೆ ಇದ್ದದ್ದು ಹರಡುತ್ತದೆ ಎಂಬ ಮಾತಿಗೆ ಕಿವಿಗೊಟ್ಟು ತಿಂಗಳುಗಟ್ಟಲೆ ಮನೆಯಲ್ಲಿ ಕೂತವರ ಸಂಕಟ ನನ್ನ ಕಣ್ಣಾರೆ ಕಂಡದ್ದು.

ಬೆನ್ನಿನ ಎಂಆರ್‌ಐ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಯುರಿಯೇ ಇದೆ. 'ಡಿಸ್ಕ್ ಬಲ್ಜ್', ಅಂದರೆ ಬೆನ್ನುಮೂಳೆಗಳ ನಡುವಿನ ಗಾದಿ ಉಬ್ಬಿದೆ, ಎಂದು ಓದಿದ ಕೂಡಲೇ ಗಟ್ಟಿಮುಟ್ಟಾದ ರೈತರು ಗುದ್ದಲಿ ಕೆಳಗಿಟ್ಟುಬಿಡುತ್ತಾರೆ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿತ್ತು, ಐವತ್ತರವರಲ್ಲಿ 60, ಎಂಬತ್ತರವರಲ್ಲಿ 84. ಯಾರಿಗೂ ನೋವಿರಲಿಲ್ಲ. ಹಾಗಾದರೆ ನಿಮ್ಮ ನೋವಿಗೆ ಆ ಉಬ್ಬೇ ಕಾರಣವೋ ಅಲ್ಲವೋ ಎನ್ನುವುದನ್ನು ಚಿತ್ರ ಹೇಳದು. ನೋವು ಯಾವ ಕಾಲಿಗೆ ಇಳಿಯುತ್ತದೆ, ಯಾವ ಬೆರಳು ಜೋಮು ಹಿಡಿಯುತ್ತದೆ ಎಂದು ಪರೀಕ್ಷಿಸಿದ ಡಾಕ್ಟರೇ ಹೇಳಬೇಕು. ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದು ತುರ್ತು. ಆಗ ಲೆಕ್ಕ ಹಾಕುತ್ತಾ ಕೂರುವಂತಿಲ್ಲ.

ಹೆಜ್ಜೆ 6: ರಕ್ತದ ಅಂಕೆಗಳು

ಲ್ಯಾಬ್ ರಿಪೋರ್ಟಿನ ದಪ್ಪಕ್ಷರ ನೋಡಿ ಗಾಬರಿಯಾಗುವ ಮುನ್ನ 'ನಾರ್ಮಲ್ ರೇಂಜ್' ಹೇಗೆ ಹುಟ್ಟಿತು ಎಂದು ತಿಳಿದಿರಲಿ. ಆರೋಗ್ಯವಂತರನ್ನು ಪರೀಕ್ಷಿಸಿ, ಅವರಲ್ಲಿ ನಡುವಿನ ನೂರಕ್ಕೆ 95 ಜನ ಎಲ್ಲಿ ಬರುತ್ತಾರೋ ಅಲ್ಲಿಗೆ ಗೆರೆ ಎಳೆಯುವುದು ರೂಢಿ. ಅಂದರೆ ಇಪ್ಪತ್ತು ಆರೋಗ್ಯವಂತರಲ್ಲಿ ಒಬ್ಬರು ಗೆರೆಯ ಆಚೆ ಇದ್ದೇ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ದಪ್ಪಕ್ಷರ ಬರುವ ಸಾಧ್ಯತೆ ನೂರಕ್ಕೆ ಸುಮಾರು 64. ಈಗ ಎಪ್ಪತ್ತು ಎಂಬತ್ತು ಪರೀಕ್ಷೆಗಳ 'ಫುಲ್ ಬಾಡಿ ಚೆಕಪ್' ಪ್ಯಾಕೇಜ್ ಬಗ್ಗೆ ಯೋಚಿಸಿ. ಹಬ್ಬಕ್ಕೆ ಅರ್ಧ ಬೆಲೆ ಅಂತ ಅಪ್ಪ ಅಮ್ಮನಿಗೆ ಮಾಡಿಸಿ, ಆಮೇಲೆ ಆ ಒಂದು ದಪ್ಪಕ್ಷರದ ಬೆನ್ನು ಹತ್ತಿ ಮೂರು ಪಟ್ಟು ಖರ್ಚು ಮಾಡಿದವರು ನಮ್ಮ ಮನೆಯಲ್ಲೇ ಇದ್ದಾರೆ. ಬಿಪಿ, ಶುಗರ್, ಕೊಲೆಸ್ಟ್ರಾಲ್‌ನಂಥ ಕೆಲವನ್ನು ವಯಸ್ಸಿಗೆ ತಕ್ಕಂತೆ ಆಗಾಗ ನೋಡಿಸುವುದು ಬೇರೆ, ಬಲೆ ಬೀಸುವುದು ಬೇರೆ.

ಅಪರೂಪದ ಕಾಯಿಲೆಗೆ ಬಲೆ ಬೀಸಿದರೆ ಇನ್ನೂ ಫಜೀತಿ. ಸಾವಿರ ಜನರಲ್ಲಿ ಒಬ್ಬರಿಗಿರುವ ಕಾಯಿಲೆ ಎಂದುಕೊಳ್ಳಿ. ಪರೀಕ್ಷೆ ಒಳ್ಳೆಯದೇ, ಕಾಯಿಲೆ ಇಲ್ಲದ ನೂರು ಜನರಲ್ಲಿ ಐವರಿಗೆ ಮಾತ್ರ ತಪ್ಪಾಗಿ 'ಇದೆ' ಅನ್ನುತ್ತದೆ. ಸಾವಿರ ಜನರಿಗೂ ಮಾಡಿದರೆ ಸುಮಾರು 51 ಪಾಸಿಟಿವ್ ಬರುತ್ತವೆ, ಅದರಲ್ಲಿ ನಿಜವಾದದ್ದು ಒಂದು. ಲಕ್ಷಣ ಇದ್ದು ಡಾಕ್ಟರಿಗೆ ಅನುಮಾನ ಬಂದು ಮಾಡಿಸಿದಾಗ ಅದೇ ಪರೀಕ್ಷೆಗೆ ಬೆಲೆ ಬರುತ್ತದೆ.

ನಮ್ಮ ಊರುಗಳಲ್ಲಿ ಜ್ವರ ಎಂದ ಕೂಡಲೇ ಮಾಡಿಸುವ ವೈಡಾಲ್ ಎಂಬ ಟೈಫಾಯ್ಡ್ ರಕ್ತಪರೀಕ್ಷೆ ಇದಕ್ಕೆ ಕೈಗನ್ನಡಿ. ಟೈಫಾಯ್ಡ್ ಓಡಾಡುವ ಪ್ರದೇಶದಲ್ಲಿ ಆರೋಗ್ಯವಾಗಿರುವವರ ರಕ್ತದಲ್ಲೂ ಅದು 1:80ರ ಮಟ್ಟ ತೋರಿಸಬಹುದು, ಹಿಂದಿನ ಸೋಂಕಿನ ನೆನಪಾಗಿ. 'ಟೈಫಾಯ್ಡ್ ಪ್ರತಿ ವರ್ಷ ಬರ್ತದೆ ನಂಗೆ' ಎನ್ನುವವರಲ್ಲಿ ಎಷ್ಟೋ ಜನರಿಗೆ ಬಂದದ್ದು ಬೇರೆ ಜ್ವರ. ಗಟ್ಟಿ ಪರೀಕ್ಷೆ ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಬ್ಲಡ್ ಕಲ್ಚರ್, ಅದೂ ಆಂಟಿಬಯೋಟಿಕ್ ಶುರುಮಾಡುವ ಮೊದಲು.

ಡೆಂಗಿಯಲ್ಲಿ ದಿನಕ್ಕೂ ಪರೀಕ್ಷೆಗೂ ಲೆಕ್ಕವಿದೆ. ಜ್ವರದ ಮೊದಲ ಐದು ದಿನ ವೈರಸ್ಸಿನ ಅಂಶವನ್ನೇ ಹುಡುಕುವ ಎನ್‌ಎಸ್‌1, ಆಮೇಲೆ ಅದರ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯ ಹುಡುಕುವ ಐಜಿಎಂ. ಎಂಟನೇ ದಿನ ಎನ್‌ಎಸ್‌1 ನೆಗೆಟಿವ್ ಬಂದರೆ ಡೆಂಗಿ ಇಲ್ಲ ಎನ್ನುವಂತಿಲ್ಲ. ಮನೆಮಂದಿಯೆಲ್ಲ ಪ್ಲೇಟ್‌ಲೆಟ್ ಅಂಕೆಯನ್ನು ಕ್ರಿಕೆಟ್ ಸ್ಕೋರಿನಂತೆ ಹೇಳಿಕೊಂಡು ಓಡಾಡುತ್ತಾರೆ, ಅದರ ಪಕ್ಕದಲ್ಲೇ ಇರುವ ಪಿಸಿವಿಯನ್ನು, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಎನ್ನುವ ಅಂಕೆಯನ್ನು, ಯಾರೂ ಕೇಳುವುದಿಲ್ಲ. ರಕ್ತನಾಳದಿಂದ ನೀರು ಸೋರಿ ರಕ್ತ ಗಟ್ಟಿಯಾಗುತ್ತಿದೆ ಎಂದು ಮೊದಲು ಕೂಗಿ ಹೇಳುವುದು ಏರುತ್ತಿರುವ ಪಿಸಿವಿ. ಅಪಾಯ ಬರುವುದು ಹೆಚ್ಚಾಗಿ ಜ್ವರ ಇಳಿದ ಹೊತ್ತಿಗೆ. ಜ್ವರ ಬಿಟ್ಟು ಹೊಟ್ಟೆನೋವು, ಬಿಡದ ವಾಂತಿ, ಸುಸ್ತು ಶುರುವಾದರೆ ಅಂಕೆಗೆ ಕಾಯದೆ ಹೊರಡಿ.

ಎಚ್‌ಬಿಎ1ಸಿ 5.7ಕ್ಕಿಂತ ಕೆಳಗಿದ್ದರೆ ನಿರಾಳ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, ನಡುವಿನದು ಎಚ್ಚರಿಕೆಯ ಗಂಟೆ. ರಕ್ತಹೀನತೆ ಇದ್ದವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಇದು ತಪ್ಪು ಹೇಳಬಹುದು, ಹಿಮೋಗ್ಲೋಬಿನ್ ಸಾಲನ್ನೂ ಜೊತೆಗಿಟ್ಟು ಓದಬೇಕು. ಯೂನಿಟ್ ನೋಡುವುದನ್ನು ಮರೆಯಬೇಡಿ. ಲಂಡನ್ನಿನಲ್ಲಿ ಮಗನ ಮನೆಗೆ ಹೋಗಿದ್ದ ಪರಿಚಯದ ಮೇಷ್ಟ್ರು ಫಾಸ್ಟಿಂಗ್ ಶುಗರ್ 7 ಬಂತೆಂದು ಹೆದರಿ ಫೋನ್ ಮಾಡಿದ್ದರು. ಅಲ್ಲಿಯ ಅಳತೆ ಬೇರೆ. 18ರಿಂದ ಗುಣಿಸಿದರೆ ನಮ್ಮ 126. ಕಡಿಮೆಯಾಗಿದೆ ಎಂದು ಅವರು ಆಗಲೇ ಎರಡು ಚಮಚ ಸಕ್ಕರೆ ತಿಂದಿದ್ದರು.

ಒಂದು ಅಂಕೆಗಿಂತ ಅಂಕೆಗಳ ನಡಿಗೆ ಹೆಚ್ಚು ಹೇಳುತ್ತದೆ. ಕ್ರಿಯಾಟಿನಿನ್ 1.2 ಎಂದರೆ ಗೆರೆಯೊಳಗೇ ಇದೆ. ಆದರೆ ಹೋದ ವರ್ಷ 0.7, ಆರು ತಿಂಗಳ ಹಿಂದೆ 0.9 ಇದ್ದರೆ ಡಾಕ್ಟರ ಹುಬ್ಬು ಗಂಟಿಕ್ಕುತ್ತದೆ. ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಹೆಜ್ಜೆ 7: ಮತ್ತೆ ಡಾಕ್ಟರ ಮುಂದೆ

ರಿಪೋರ್ಟ್ ವಾಟ್ಸಾಪಿನಲ್ಲಿ ಕಳಿಸಿ 'ಓಕೆ' ಎಂಬ ಉತ್ತರಕ್ಕೆ ತೃಪ್ತಿಪಡಬೇಡಿ. ಹೋಗಿ ಕೂತು, ಮೊದಲ ದಿನದ ಪ್ರಶ್ನೆಯನ್ನೇ ತಿರುಗಿ ಕೇಳಿ: 'ನೀವು ಹುಡುಕ್ತಾ ಇದ್ದದ್ದು ಸಿಕ್ತಾ? ಇದರಿಂದ ಚಿಕಿತ್ಸೆ ಏನ್ ಬದಲಾಗುತ್ತೆ? ಹುಡುಕದೇ ಇದ್ದದ್ದು ಏನಾದ್ರೂ ಕಂಡಿದ್ಯಾ, ಅದನ್ನ ಯಾವಾಗ ಮತ್ತೆ ನೋಡ್ಬೇಕು?' ಮೂರನೆಯದನ್ನು ಬರೆದಿಟ್ಟುಕೊಳ್ಳಿ. ಬೇರೆ ಡಾಕ್ಟರ ಅಭಿಪ್ರಾಯ ಬೇಕಾದರೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಬೇಕಾಗಿಲ್ಲ. ಫಿಲ್ಮಿನ ಜೊತೆ ಸಿಡಿ ಕೇಳಿ ಪಡೆಯಿರಿ, ಪೂರ್ತಿ ಚಿತ್ರಗಳು ಅದರಲ್ಲಿರುತ್ತವೆ. ಬಯಾಪ್ಸಿ ಆಗಿದ್ದರೆ ರಿಪೋರ್ಟಿನ ಕಾಗದ ಸಾಲದು. ಮೇಣದಲ್ಲಿ ಹುದುಗಿಸಿದ 'ಬ್ಲಾಕ್' ಮತ್ತು ಗಾಜಿನ ಸ್ಲೈಡುಗಳನ್ನು ಕೇಳಿ ತಗೊಳ್ಳಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಅವನ್ನೇ ಕೇಳುತ್ತಾರೆ, ಆಗ ಊರಿಗೆ ವಾಪಸ್ ಬಸ್ ಹತ್ತುವುದು ತಪ್ಪುತ್ತದೆ.

ಹೆಜ್ಜೆ 8: ಫೈಲ್

ಇದಕ್ಕೆ ಹೆಚ್ಚು ಶಾಸ್ತ್ರ ಬೇಡ. ಒಬ್ಬೊಬ್ಬರಿಗೆ ಒಂದೊಂದು ಫೈಲ್, ದಿನಾಂಕದ ಕ್ರಮದಲ್ಲಿ, ಹೊಸದು ಮೇಲೆ. ಮೊದಲ ಹಾಳೆಯಲ್ಲಿ ಆಗಿರುವ ಆಪರೇಷನ್, ಆಗದ ಔಷಧಿ, ಈಗಿನ ಮಾತ್ರೆಗಳು. ಫಿಲ್ಮುಗಳನ್ನು ಮಡಿಸಬೇಡಿ, ಹಾಸಿಗೆ ಕೆಳಗೆ ಇಡಬೇಡಿ. ಸರ್ಕಾರದ ಆರೋಗ್ಯ ಖಾತೆಯ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡಿದ್ದರೆ ಮೊದಲ ಹಾಳೆಯಲ್ಲೇ ಬರೆದಿಡಿ.

ಇಸಿಜಿಯ ಪಟ್ಟಿ, ಅಲ್ಟ್ರಾಸೌಂಡಿನ ಪುಟ್ಟ ಚಿತ್ರ ಇವೆರಡರ ವಿಷಯದಲ್ಲಿ ಮಾತ್ರ ವಿಶೇಷ ಜಾಗ್ರತೆ. ಅವು ಸಾಮಾನ್ಯವಾಗಿ ಬಸ್ ಟಿಕೆಟ್ಟಿನಂಥ ಶಾಖದ ಕಾಗದ, ಪ್ಲಾಸ್ಟಿಕ್ ಕವರಿನಲ್ಲಿ ಬಿಸಿಲಿಗೆ ಸಿಕ್ಕರೆ ಮಾಸಿಹೋಗುತ್ತವೆ. ನಮ್ಮ ಮಾವನವರಿಗೆ ಎದೆನೋವೆಂದು ಹೋದ ವರ್ಷ ರಾತ್ರಿ ಹನ್ನೊಂದಕ್ಕೆ ಕರೆದೊಯ್ದೆವು. ಇಸಿಜಿಯಲ್ಲಿ ಏನೋ ವ್ಯತ್ಯಾಸ ಇತ್ತು. ಡ್ಯೂಟಿ ಡಾಕ್ಟರು ಕೇಳಿದ ಮೊದಲ ಮಾತು, 'ಹಳೇ ಇಸಿಜಿ ಇದ್ಯಾ? ಇದು ಮೊದಲಿಂದ ಇದ್ದದ್ದಾ ಹೊಸದಾ ನೋಡ್ಬೇಕು'. ಅತ್ತೆ ಹೆಮ್ಮೆಯಿಂದ ಫೈಲ್ ತೆಗೆದುಕೊಟ್ಟರು, ಆರು ವರ್ಷದ್ದು ಒಂದೂ ಬಿಡದೆ ಜೋಡಿಸಿಟ್ಟಿದ್ದರು. ಡಾಕ್ಟರು ಪ್ಲಾಸ್ಟಿಕ್ಕಿನಿಂದ ಪಟ್ಟಿ ಎಳೆದು ಟ್ಯೂಬ್‌ಲೈಟಿಗೆ ಹಿಡಿದರು. ನಸುಗೆಂಪು ಚೌಕಳಿ ಮಾತ್ರ ಉಳಿದಿತ್ತು, ಗೆರೆಯೆಲ್ಲ ಅಳಿಸಿಹೋಗಿತ್ತು. ಆ ರಾತ್ರಿ ಎರಡು ಸಲ ಟ್ರೋಪೋನಿನ್, ಅಂದರೆ ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ಹೇಳುವ ರಕ್ತಪರೀಕ್ಷೆ, ನೋಡಿ, ಬೆಳಗಿನ ತನಕ ಕಾದು, ಕೊನೆಗೆ ಹೊಸದೇನಲ್ಲ ಎಂದು ಗೊತ್ತಾಯಿತು. ಹದಿನೆಂಟು ವರ್ಷ ಇದೇ ವಿಭಾಗದಲ್ಲಿ ಕೆಲಸ ಮಾಡಿದ ನಾನು ಅದನ್ನು ಒಂದು ಸಲವೂ ಫೋಟೋ ತೆಗೆದಿಟ್ಟಿರಲಿಲ್ಲ. ಈಗ ಇಸಿಜಿ ಮಾಡಿಸಿ ಮನೆಗೆ ಬಂದ ಕೂಡಲೇ ಅತ್ತೆ ಅದನ್ನು ಊಟದ ಮೇಜಿನ ಮೇಲೆ ಹರಡಿ, ಎರಡು ತುದಿಗೆ ಎರಡು ಲೋಟ ಇಟ್ಟು, 'ಫೋಟೋ ಹೊಡಿಯಮ್ಮ ಮೊದ್ಲು' ಅನ್ನುತ್ತಾರೆ.